ಕಾಣದೇ ಹೋದ ಚುಕ್ಕಿ

ಕುಮಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಜೀವವಿಕಾಸದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಗ್ಯಾರಂಟಿ: ‘ಸರ್, ಗಡಿಯಾರ ಅಂದ್ಮೇಲೆ ಮಾಡಿದವ ಇರ್ಬೇಕು. ಕಣ್ಣು ತನ್ನಷ್ಟಕ್ಕೇ ಆಗ್ತದಾ?’

ಮೊದಲ ಸಲ ಕೇಳಿದ ಹುಡುಗನನ್ನು ಗೇಲಿ ಮಾಡಿಬಿಟ್ಟೆ. ಕ್ಲಾಸು ನಕ್ಕಿತು. ಅವನು ಆ ವರ್ಷವಿಡೀ ಮತ್ತೆ ಕೈ ಎತ್ತಲಿಲ್ಲ. ವಿಲಿಯಂ ಪೇಲಿ ಎಂಬ ಇಂಗ್ಲೆಂಡಿನ ಪಾದ್ರಿ 1802ರಲ್ಲಿ ಹೂಡಿದ್ದು ಇದೇ ಗಡಿಯಾರದ ವಾದ, ಓದಿ ಮೆಚ್ಚಿದವರಲ್ಲಿ ಡಾರ್ವಿನ್ನನೂ ಒಬ್ಬ ಅಂತ ನನಗೆ ಗೊತ್ತಾದದ್ದು ಆಮೇಲೆ.

ಮರುವರ್ಷ ಮೀನು ಮಾರ್ಕೆಟ್ಟಿನಿಂದ ಒಂದು ಬೊಂಡಾಸ್ (ಸ್ಕ್ವಿಡ್) ಒಯ್ದೆ. ಕಣ್ಣು ಕೊಯ್ದರೆ ಮಸೂರ ಬೆಂದ ಸಾಬಕ್ಕಿಯ ಹಾಗೆ ಉರುಳಿ ಬಂತು. ಆಮೇಲೆ ಎಲ್ಲರಿಗೂ ಕಾಗದ ಹಂಚಿ, ಎಡಕ್ಕೊಂದು ಕತ್ತರಿ ಗುರುತು, ಎಂಟು ಸೆಂಟಿಮೀಟರ್ ಬಲಕ್ಕೊಂದು ಚುಕ್ಕಿ ಹಾಕಿಸಿದೆ. ಎಡಗಣ್ಣು ಮುಚ್ಚಿ, ಗುರುತನ್ನೇ ದಿಟ್ಟಿಸುತ್ತ ಕಾಗದವನ್ನು ಹತ್ತಿರ ತರುತ್ತ ಬಂದರೆ ಸುಮಾರು ಮೂವತ್ತು ಸೆಂಟಿಮೀಟರಿಗೆ ಚುಕ್ಕಿ ಮಾಯ. ನಮ್ಮ ಕಣ್ಣಲ್ಲಿ ನರದ ಎಳೆಗಳು ಅಕ್ಷಿಪಟಲದ ಮುಂದೆ ಹಾದು, ಅದನ್ನೇ ತೂರಿಕೊಂಡು ಹೊರಗೆ ಹೋಗುತ್ತವೆ. ಆ ಜಾಗ ಕುರುಡು. ಬೊಂಡಾಸಿಗೆ ನರ ಹಿಂದಿನಿಂದಲೇ ಹೋಗುತ್ತದೆ, ಅದಕ್ಕೆ ಈ ತಾಪತ್ರಯವಿಲ್ಲ. ‘ಮಾಡಿದವ ಮನುಷ್ಯನಿಗಿಂತ ಬೊಂಡಾಸಿಗೆ ಒಳ್ಳೇದು ಕೊಟ್ಟನಾ?’ ಅಂತ ಗೆದ್ದವನ ಹಾಗೆ ಕೇಳಿದೆ.

ದೋಣಿ ಮನೆಯ ಒಬ್ಬ ಹುಡುಗ ಎದ್ದ. ‘ಅವನಿಗೆ ಹಾಂಗೇ ಬೇಕಾಗಿತ್ತೇನ, ಸರ್.’

ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು: ಕಣ್ಣು ಚೆನ್ನಾಗಿದ್ದರೂ ‘ಅವನಿಗೆ ಬೇಕಾಗಿತ್ತು’, ಕೆಟ್ಟಿದ್ದರೂ ‘ಅವನಿಗೆ ಬೇಕಾಗಿತ್ತು’. ಏನೇ ಸಿಕ್ಕಿದರೂ ಸೋಲದ ಮಾತದು. ಸುಳ್ಳು ಅಂತ ನಾನು ತೋರಿಸಲಾರೆ, ಯಾರೂ ತೋರಿಸಲಾರರು. ವಿಜ್ಞಾನಕ್ಕೆ ಅದು ಹೊರಗಾಗುವುದು ಅದಕ್ಕೇ.

ಮರುದಿನ ಟಿಕ್ಟಾಲಿಕ್ ಎಂಬ ಪಳೆಯುಳಿಕೆಯ ಕಥೆ ಹೇಳಿದೆ. ಮೀನು ನೆಲಕ್ಕೆ ಹತ್ತಿದ್ದು ನಿಜವಾದರೆ ನಡುವಿನ ಪ್ರಾಣಿ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಯಲ್ಲಿರಬೇಕು ಎಂದು ಲೆಕ್ಕ ಹಾಕಿ, ಪಳೆಯುಳಿಕೆ ತಜ್ಞ ನೀಲ್ ಶುಬಿನ್ ಅವರ ತಂಡ ಉತ್ತರ ಕೆನಡಾದ ಹಿಮದಲ್ಲಿ ವರ್ಷಗಟ್ಟಲೆ ಹುಡುಕಿತು. 2004ರಲ್ಲಿ ಸಿಕ್ಕಿತು: ಮೀನಿನ ಹುರುಪೆ, ತಿರುಗುವ ಕುತ್ತಿಗೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಎಲುಬು. ಸಿಗದೇ ಹೋಗಿದ್ದರೆ ಪೆಟ್ಟು ಅವರ ಲೆಕ್ಕಕ್ಕೇ.

ಸ್ಟಾಫ್ ರೂಮಿನಲ್ಲಿ ಇನ್ನೊಂದು ತರಲೆ. ದಶಾವತಾರವೇ ಜೀವವಿಕಾಸ, ಮತ್ಸ್ಯ, ಕೂರ್ಮ, ವರಾಹ ಅಂತ ಸಹೋದ್ಯೋಗಿಯೊಬ್ಬರ ವಾದ. ಯಕ್ಷಗಾನದ ಆಟದಲ್ಲಿ ದಶಾವತಾರ ನೋಡಿ ಬೆಳೆದವ ನಾನು. ಆದರೆ ಆ ಕಥೆ ಯಾವ ಬಂಡೆ ಅಗೆಯಬೇಕು ಅಂತ ಹೇಳುವುದಿಲ್ಲ ಮಾರಾಯ್ರೇ, ಅಂದೆ. ಎರಡು ದಿನ ಮಾತು ಬಿಟ್ಟರು.

ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ಡೋವರ್ ಮೊಕದ್ದಮೆ. ಜೀವಿಗಳನ್ನು ಬುದ್ಧಿವಂತನೊಬ್ಬ ರೂಪಿಸಿದ ಎನ್ನುವ ‘ಬುದ್ಧಿವಂತ ವಿನ್ಯಾಸ’ದ ವಾದ ವಿಜ್ಞಾನವಲ್ಲ ಎಂದು 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ನ್ಯಾಯಾಧೀಶ ಜಾನ್ ಜೋನ್ಸ್ ತೀರ್ಪಿತ್ತರು. ಅದಕ್ಕೂ ಮೊದಲು ಆ ವಾದದ ಪರ ಸಾಕ್ಷಿ ಹೇಳಿದ ಮೈಕೆಲ್ ಬೀಹಿ, ತಮ್ಮ ವ್ಯಾಖ್ಯೆ ಹಿಡಿದರೆ ಜ್ಯೋತಿಷವೂ ವಿಜ್ಞಾನದ ಸಿದ್ಧಾಂತವಾಗುತ್ತದೆ ಎಂದು ಒಪ್ಪಿಕೊಳ್ಳಬೇಕಾಯಿತು.

ಹಿಂದಿನ ಬೆಂಚಿನ ಹುಡುಗಿ, ಭಟ್ಟರ ಮನೆಯವಳು, ಕೇಳಿದಳು: ‘ಹಾಗಾದ್ರೆ ನಮ್ಮನೆ ಪಂಚಾಂಗ, ಸರ್?’

‘ಗ್ರಹಣ ಎಷ್ಟು ಗಂಟೆಗೆ ಅಂತ ಬರೆದದ್ದನ್ನು ಗಡಿಯಾರ ಹಿಡಿದು ನೋಡು. ಫಲ ಬರೆದದ್ದನ್ನು ಹೇಗೆ ನೋಡ್ತೀ, ನಾಳೆ ಬಂದು ನೀನೇ ಹೇಳು’ ಅಂದೆ.