ಒಳಾಂಗಣ ಆಟಕ್ಕೆ ನಾನು ಎಕ್ಸ್‌ಪೋಶರ್ ಹೊಂದಿಸುವ ಬಗೆ

ಒಳಾಂಗಣದಲ್ಲಿ ಆಟ ತೆಗೆಯುವಾಗ ನನ್ನ ಕ್ಯಾಮೆರಾ ಪೂರ್ತಿ ಮ್ಯಾನುವಲ್‌ನಲ್ಲಿರುತ್ತದೆ. ಎಕ್ಸ್‌ಪೋಶರ್, ಅಂದರೆ ಚಿತ್ರ ಎಷ್ಟು ಬೆಳ್ಳಗೆ ಬರಬೇಕು ಎಂಬುದನ್ನು ನಿರ್ಧರಿಸುವ ಶಟರ್ (ಬೆಳಕು ಒಳಬರುವ ಹೊತ್ತು), ಅಪರ್ಚರ್ (ಅದು ಬರುವ ಕಿಂಡಿಯ ಅಗಲ), ಬಂದ ಬೆಳಕನ್ನು ಹಿಗ್ಗಿಸುವ ಐಎಸ್‌ಒ ಮೂರನ್ನೂ ಸೀಟಿ ಊದುವ ಮೊದಲೇ ಹೊಂದಿಸಿಟ್ಟಿರುತ್ತೇನೆ. ಪಕ್ಕದಲ್ಲಿ ಕೂರುವ ಹೊಸ ಹುಡುಗರಿಗೆ ಇದು ವಿಚಿತ್ರ. "ಅಣ್ಣಾ, ಇಷ್ಟು ಸ್ಪೀಡಾಗಿ ಆಡ್ತಿರ್ಬೇಕಾದ್ರೆ ಮ್ಯಾನುವಲ್ಲಾ? ಕ್ಯಾಮೆರಾನೇ ನೋಡ್ಕೊಳ್ಳಲ್ವಾ?" ಅಂತ ಒಬ್ಬ ಕೇಳಿದ್ದ. "ಆಡೋರು ಓಡ್ತಿದ್ದಾರೆ ಕಣಪ್ಪಾ, ದೀಪ ಎಲ್ಲಿ ಓಡ್ತಿದೆ?" ಅಂದೆ. ಅರ್ಥವಾಯಿತೋ ಇಲ್ಲವೋ, ನಕ್ಕ.

ಕ್ಯಾಮೆರಾದೊಳಗಿನ ಮೀಟರ್ ದೀಪವನ್ನು ಅಳೆಯುವುದಿಲ್ಲ. ಎದುರಿಗಿರುವ ವಸ್ತುಗಳ ಮೇಲೆ ಬಿದ್ದು ವಾಪಸ್ ಬರುವ ಬೆಳಕನ್ನು ಅಳೆದು, ಅದೆಲ್ಲ ಸೇರಿ ನಡುವಿನ ಬೂದು ಬಣ್ಣವೇ ಇರಬೇಕು ಎಂದುಕೊಂಡು ಲೆಕ್ಕ ಕೊಡುತ್ತದೆ. ಕಬಡ್ಡಿಯನ್ನೇ ತೆಗೆದುಕೊಳ್ಳಿ. ರೇಡರ್ ನಡುಗೆರೆ ದಾಟುವಾಗ ನಾನು ನೆಲಮಟ್ಟದಲ್ಲಿ ಕೂತಿದ್ದರೆ ಅವನ ಹಿಂದೆ ಕತ್ತಲು ತುಂಬಿದ ಪ್ರೇಕ್ಷಕರ ಸಾಲು. ಮೀಟರ್ ಆ ಕತ್ತಲನ್ನು ಬೂದು ಮಾಡಲು ಹೋಗಿ ಅವನ ಮುಖವನ್ನು ಬಿಳಿಚಿಸುತ್ತದೆ. ಎರಡೇ ಸೆಕೆಂಡಿಗೆ ಅವನು ಬೋನಸ್ ಲೈನಿನ ಕಡೆ ತಿರುಗುತ್ತಾನೆ, ಹಿಂದೆ ಜಾಹೀರಾತಿನ ಎಲ್‌ಇಡಿ ಬೋರ್ಡ್ ಫಳಫಳ ಹೊಳೆಯುತ್ತಿರುತ್ತದೆ. ಈಗ ಅದೇ ಮೀಟರ್ ಅವನನ್ನು ಕಪ್ಪಾಗಿಸುತ್ತದೆ. ಮೂವತ್ತು ಸೆಕೆಂಡಿನ ಒಂದೇ ರೇಡಿನಲ್ಲಿ ಒಬ್ಬನದೇ ಮುಖ ಎರಡು ಸ್ಟಾಪ್ ಹಿಂದೆ ಮುಂದೆ ಆದ ಫ್ರೇಮುಗಳು ಸಿಗುತ್ತವೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು, ಇಲ್ಲವೇ ಅರ್ಧ). ಅಷ್ಟು ಹೊತ್ತೂ ಚಾವಣಿಯ ದೀಪ ಇದ್ದ ಹಾಗೇ ಇತ್ತು. ಮೀಟರನ್ನು ಇಡೀ ಫ್ರೇಮ್ ನೋಡುವ ಮ್ಯಾಟ್ರಿಕ್ಸ್, ನಡುವಿಗೆ ಹೆಚ್ಚು ತೂಕ ಕೊಡುವ ಸೆಂಟರ್ ವೇಟೆಡ್, ಒಂದು ಚುಕ್ಕೆಯಷ್ಟನ್ನೇ ಓದುವ ಸ್ಪಾಟ್ ಅಂತ ಯಾವುದಕ್ಕೆ ಬದಲಾಯಿಸಿದರೂ ಈ ಮೂಲ ಸಮಸ್ಯೆ ಹೋಗುವುದಿಲ್ಲ. ಸ್ಪಾಟ್ ಆದರಂತೂ ಒಮ್ಮೆ ಜೆರ್ಸಿ, ಒಮ್ಮೆ ಕೂದಲು, ಒಮ್ಮೆ ಮ್ಯಾಟ್ ಅಂತ ಇನ್ನೂ ಹುಚ್ಚುಚ್ಚಾಗಿ ಕುಣಿಯುತ್ತದೆ.

ಹಾಗಾಗಿ ಅಳತೆಯನ್ನೆಲ್ಲ ಆಟಕ್ಕೆ ಮುಂಚೆಯೇ ಮುಗಿಸುತ್ತೇನೆ. ಕಂಠೀರವ ಒಳಾಂಗಣ ಕ್ರೀಡಾಂಗಣವಾಗಲಿ, ಕೋರಮಂಗಲದ್ದಾಗಲಿ, ಒಂದು ಗಂಟೆ ಮೊದಲು ಒಳಗಿರಬೇಕು. ಹೋದ ಕೂಡಲೇ ಉಸ್ತುವಾರಿಯವರನ್ನು ಹುಡುಕಿ, "ಸಾರ್, ಮ್ಯಾಚ್ ಟೈಮಲ್ಲಿ ಇಷ್ಟೇ ಲೈಟಾ, ಇನ್ನೂ ಹಾಕ್ತೀರಾ?" ಅಂತ ಕೇಳುತ್ತೇನೆ. ಈ ಒಂದು ಪ್ರಶ್ನೆ ಎಷ್ಟೋ ತಲೆನೋವು ತಪ್ಪಿಸಿದೆ. ಕಟ್ಟಡ ಒಂದೇ ಆದರೂ ಬೆಳಕು ಒಂದೇ ಇರುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಪ್ರೊ ಕಬಡ್ಡಿಯ ಒಂಬತ್ತನೇ ಆವೃತ್ತಿ ಕಂಠೀರವದಲ್ಲೇ ಶುರುವಾಯಿತು. ಅಂಥ ನೇರಪ್ರಸಾರದ ಪಂದ್ಯಗಳಿಗೆ ಟಿವಿಯವರ ಅಗತ್ಯಕ್ಕೆ ತಕ್ಕಂತೆ ಬೆಳಕು ಸುರಿಯುತ್ತಾರೆ. ಕಾಲೇಜು ಟೂರ್ನಿಗಳಲ್ಲಿ ಕತೆಯೇ ಬೇರೆ, ಅಭ್ಯಾಸದ ಹೊತ್ತಿಗೆ ಅರ್ಧ ದೀಪ, ಫೈನಲ್ಲಿಗೆ ಮುಖ್ಯ ಅತಿಥಿ ಬಂದ ಮೇಲೆ ಪೂರ್ತಿ ದೀಪ.

ಬೀಳುವ ಬೆಳಕನ್ನೇ ನೇರ ಅಳೆಯುವ, ಕೈಯಲ್ಲಿ ಹಿಡಿಯುವ ಇನ್ಸಿಡೆಂಟ್ ಮೀಟರ್ ಇದ್ದರೆ ಅಂಕಣದಲ್ಲಿ ನಿಂತು, ಅದರ ಬಿಳಿ ಗುಮ್ಮಟವನ್ನು ಕ್ಯಾಮೆರಾ ಇರುವ ದಿಕ್ಕಿಗೆ ತಿರುಗಿಸಿ ಓದಿಕೊಂಡರೆ ಮುಗಿಯಿತು. ನನ್ನ ಹತ್ತಿರ ಅದು ಬಹಳ ದಿನ ಇರಲಿಲ್ಲ, ಈಗ ಇದ್ದರೂ ಹೆಚ್ಚಿನ ಸಲ ಮನೆಯಲ್ಲೇ ಉಳಿಯುತ್ತದೆ. ಅಂಗೈ ಸಾಕು. ಮೈಬಣ್ಣ ಯಾವುದಿದ್ದರೂ ಅಂಗೈ ಮಾತ್ರ ಸಾಮಾನ್ಯವಾಗಿ ಆ ನಡುವಿನ ಬೂದಿಗಿಂತ ಒಂದು ಸ್ಟಾಪಿನಷ್ಟು ತಿಳಿಯಾಗಿರುತ್ತದೆ. ಸ್ಪಾಟ್ ಮೀಟರಿನಲ್ಲಿ ಅಂಗೈಯನ್ನು ಓದಿ, ಸೂಜಿ ನಡುವೆ ನಿಂತಾಗ ಬರುವ ಎಕ್ಸ್‌ಪೋಶರ್‌ಗೆ ಒಂದು ಸ್ಟಾಪ್ ಹೆಚ್ಚಿಸಿದರೆ ಸರಿಯಾದ ಲೆಕ್ಕಕ್ಕೆ ತೀರಾ ಹತ್ತಿರ ಬರುತ್ತೇವೆ.

ಅಂಗೈ ಹಿಡಿಯುವ ರೀತಿ ಮುಖ್ಯ. ಚಾವಣಿಯ ಕಡೆಗೆ ಬೊಗಸೆಯೊಡ್ಡಿದಂತೆ ಹಿಡಿದರೆ ದೀಪದ ಬೆಳಕು ನೇರ ಬಿದ್ದು ಸುಳ್ಳು ಲೆಕ್ಕ ಬರುತ್ತದೆ. ಆಟಗಾರನ ಮುಖ ಎಲ್ಲಿರುತ್ತದೋ ಆ ಎತ್ತರದಲ್ಲಿ, ನಾನು ಕೂರುವ ಜಾಗದ ಕಡೆ ಮುಖ ಮಾಡಿ, ಗೋಡೆಯಂತೆ ನೆಟ್ಟಗೆ ಹಿಡಿಯಬೇಕು. ಈ ಎರಡು ಭಂಗಿಗೂ ಒಂದು ಸ್ಟಾಪಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ನೋಡಿದ್ದೇನೆ. ಕಬಡ್ಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಡಿಫೆಂಡರ್‌ಗಳು ಸೊಂಟ ಬಗ್ಗಿಸಿಯೇ ನಿಂತಿರುತ್ತಾರೆ, ರೇಡರ್ ತಲೆ ತಗ್ಗಿಸಿ ನುಗ್ಗುತ್ತಾನೆ. ಮೇಲಿನ ಬೆಳಕು ಬೆನ್ನಿಗೆ ಬೀಳುತ್ತದೆಯೇ ಹೊರತು ಮುಖಕ್ಕಲ್ಲ. ಮುಖಕ್ಕೆ ಸಿಗುವುದು ಮ್ಯಾಟಿನಿಂದ ಚಿಮ್ಮಿ ಬರುವ ಬೆಳಕು ಮಾತ್ರ. ಅದಕ್ಕೇ ಅಂಗೈಯನ್ನು ಸೊಂಟದ ಮಟ್ಟಕ್ಕಿಳಿಸಿ, ಸ್ವಲ್ಪ ನೆಲದ ಕಡೆ ಓರೆ ಮಾಡಿ ಇನ್ನೊಮ್ಮೆ ಓದಿಕೊಳ್ಳುತ್ತೇನೆ. ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತೇನೆ, ಸಾಧಾರಣವಾಗಿ ಮುಖದ ಪರವಾಗಿ.

ನಂತರ ಅಂಕಣದ ಸುತ್ತು. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಇಷ್ಟು ಸಣ್ಣ ಜಾಗದಲ್ಲೂ ನಡುಭಾಗಕ್ಕೂ ಮೂಲೆಗೂ ಅರ್ಧ ಸ್ಟಾಪ್ ಆಚೀಚೆ ಆಗುವುದು ಮಾಮೂಲು. ಬಾಸ್ಕೆಟ್‌ಬಾಲಿನಲ್ಲಿ ಬುಟ್ಟಿಯ ಕೆಳಗೆ ಇನ್ನೂ ಕತ್ತಲು, ಅದೂ ಆಟವೆಲ್ಲ ಅಲ್ಲೇ ನಡೆಯುವಾಗ. ಮೂಲೆಗಳ ಲೆಕ್ಕವನ್ನು ಫೋನಿನಲ್ಲಿ ಬರೆದುಕೊಂಡು, ಆಟ ಅತ್ತ ಹೋದಾಗ ಹೆಬ್ಬೆರಳಿನಿಂದ ಐಎಸ್‌ಒ ಡಯಲನ್ನು ಎರಡು ಕ್ಲಿಕ್ ತಿರುಗಿಸುತ್ತೇನೆ. ರೂಢಿಯಾದರೆ ಕಣ್ಣು ವ್ಯೂಫೈಂಡರ್ ಬಿಡಬೇಕಿಲ್ಲ.

ಸೆಟ್ಟಿಂಗ್ ಎಷ್ಟು ಅಂತಲೇ ಎಲ್ಲರೂ ಮೊದಲು ಕೇಳುವುದು. ಒಳ್ಳೆಯ ಬೆಳಕಿರುವ ದಿನ ನನ್ನದು ಅಪರ್ಚರ್ ಎಫ್/2.8, ಶಟರ್ 1/1000 ಸೆಕೆಂಡ್, ಐಎಸ್‌ಒ 3200. ಇದು ಸರಿಹೊಂದಿದರೆ ಅಂಕಣದ ಮೇಲೆ ಸುಮಾರು 600 ಲಕ್ಸ್ ಬೆಳಕಿದೆ ಎಂದರ್ಥ. ಐಎಸ್‌ಒ 6400 ಬೇಕಾದರೆ 300ರ ಆಸುಪಾಸು. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲಿಗೆ ಒಂದು ಲಕ್ಷ ಲಕ್ಸ್ ಇರುತ್ತದೆ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಒಳಗೆ "ಲೈಟ್ ಸಖತ್ತಾಗಿದೆ" ಅನ್ನಿಸುತ್ತದೆ, ಅಷ್ಟೇ. ಶಟರ್ ವಿಷಯದಲ್ಲಿ ನಾನು ಜಿಪುಣ. ಕಬಡ್ಡಿಯಲ್ಲಿ ಆಂಕಲ್ ಹೋಲ್ಡ್ ಬಿದ್ದ ಮೇಲೆ ಐದಾರು ಜನ ರಾಶಿ ಬೀಳುವ ಹೊತ್ತಿಗೆ 1/640 ಸಾಕು. ಬಾಸ್ಕೆಟ್‌ಬಾಲಿಗೆ 1/800. ಬ್ಯಾಡ್ಮಿಂಟನ್ನಿಗೆ ಮಾತ್ರ 1/1000ಕ್ಕಿಂತ ಕೆಳಗಿಳಿಯುವುದಿಲ್ಲ. 2023ರಲ್ಲಿ ಸಾತ್ವಿಕ್ ಸಾಯಿರಾಜ್ ಅವರ ಹೆಸರಿಗೆ ಗಿನ್ನೆಸ್ ದಾಖಲೆಯಾದ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್. ಆ ವೇಗದಲ್ಲಿ 1/1000 ಸೆಕೆಂಡಿಗೆ ಶಟಲ್ 15 ಸೆಂಟಿಮೀಟರಿಗೂ ಹೆಚ್ಚು ಹೋಗಿಬಿಡುತ್ತದೆ, ಅಂದರೆ ತನ್ನ ಉದ್ದಕ್ಕಿಂತ ಜಾಸ್ತಿ. ರ‍್ಯಾಕೆಟ್ ಬಿಟ್ಟ ಕ್ಷಣದ ಶಟಲನ್ನು ನಮ್ಮ ಬೆಳಕಿನಲ್ಲಿ ನಿಲ್ಲಿಸಿ ತೋರಿಸುತ್ತೇನೆ ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಮುಖ, ಮೊಣಕೈ, ಎದ್ದ ಕಾಲು ಚೂಪಾಗಿ ಬಂದರೆ ಶಟಲ್ ಗೆರೆಯಾದರೂ ಚಿತ್ರಕ್ಕೆ ಚಂದವೇ.

ಇಷ್ಟೆಲ್ಲ ಕಟ್ಟಿಟ್ಟ ಮೇಲೂ ಒಂದೇ ಬರ್ಸ್ಟಿನಲ್ಲಿ, ಅಂದರೆ ಬಟನ್ ಒತ್ತಿಹಿಡಿದು ಸಾಲಾಗಿ ತೆಗೆದ ಚಿತ್ರಗಳಲ್ಲಿ, ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಮಂಕು, ಅದರ ಮುಂದಿನದು ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಮೀಟರನ್ನು ಬೈಯಬೇಡಿ. ಅದು ಕರೆಂಟಿನ ಕೆಲಸ. ನಮ್ಮಲ್ಲಿ ಬರುವುದು 50 ಹರ್ಟ್ಸ್ ವಿದ್ಯುತ್. ಪ್ರತಿ ಆವರ್ತನದಲ್ಲಿ ಎರಡು ಸಲ ಏರಿಳಿಯುವುದರಿಂದ ಮೆಟಲ್ ಹ್ಯಾಲೈಡ್ ದೀಪ, ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. 1/100ರಲ್ಲಿ ತೆಗೆದರೆ ಒಂದು ಇಡೀ ಏರಿಳಿತ ಫ್ರೇಮಿನೊಳಗೆ ಸೇರಿ ಎಲ್ಲ ಸಮನಾಗುತ್ತದೆ. 1/1000ರಲ್ಲಿ ನಮಗೆ ಸಿಗುವುದು ಆ ಏರಿಳಿತದ ಹತ್ತನೇ ಒಂದು ಪಾಲು ಮಾತ್ರ. ಅದು ಏರಿದ್ದಾಗಿನದೋ ಇಳಿದಾಗಿನದೋ ಅದೃಷ್ಟ. ಇಳಿತದಲ್ಲಿ ಈ ದೀಪಗಳ ಬಣ್ಣವೂ ಬದಲಾಗುವುದರಿಂದ ಕಂಪ್ಯೂಟರಿನಲ್ಲಿ ಒಂದೊಂದಾಗಿ ತಿದ್ದುತ್ತಾ ಕೂರಬೇಕಾಗುತ್ತದೆ. ಇನ್ನೂ ಕಿರಿಕಿರಿಯೆಂದರೆ ಒಂದೇ ಫ್ರೇಮಿನಲ್ಲಿ ಮೇಲೆ ಬೆಳಕು, ಕೆಳಗೆ ಮಂಕು ಇರುವುದು. ಶಟರಿನ ಪರದೆ ಸೆನ್ಸರ್ ದಾಟಲು ಮೂರ್ನಾಲ್ಕು ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ದೀಪ ಏರಿಯೋ ಇಳಿದೋ ಇರುತ್ತದೆ.

ಇದನ್ನು ಪತ್ತೆ ಹಚ್ಚಲು ಸುಲಭದ ದಾರಿ ಜೇಬಿನಲ್ಲೇ ಇದೆ. ಫೋನಿನ ಸ್ಲೋ ಮೋಷನ್ ವಿಡಿಯೊವನ್ನು 240 ಫ್ರೇಮಿಗೆ ಇಟ್ಟು, ದೀಪದ ಬೆಳಕು ಬಿದ್ದ ಗೋಡೆಯನ್ನು ಎರಡು ಸೆಕೆಂಡ್ ತೆಗೆದು ನೋಡಿ. ಮಿಣುಕುವ ದೀಪವಾದರೆ ಗೋಡೆ ಪಟಪಟ ಹೊಡೆದುಕೊಳ್ಳುತ್ತದೆ. ಆಮೇಲೆ ಕ್ಯಾಮೆರಾದಲ್ಲಿ 1/1000ಕ್ಕೆ ಅದೇ ಗೋಡೆಯ ಒಂದು ಬರ್ಸ್ಟ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟು ಸ್ಟಾಪಿನ ಏರುಪೇರು ಎಂಬುದೂ ಗೊತ್ತಾಗುತ್ತದೆ.

ಮದ್ದು ಆಂಟಿ ಫ್ಲಿಕರ್ ಆಯ್ಕೆ. ಕ್ಯಾನನ್ 2014ರ 7ಡಿ ಮಾರ್ಕ್ 2ರಲ್ಲಿ ಇದನ್ನು ಕೊಟ್ಟಿತು, ನಿಕಾನ್ 2016ರ ಡಿ5, ಡಿ500ರಲ್ಲಿ. ಇದನ್ನು ಆನ್ ಮಾಡಿದರೆ ಕ್ಯಾಮೆರಾ ದೀಪದ ಬಡಿತವನ್ನು ಗುರುತಿಸಿ, ಬೆಳಕು ತುದಿ ಮುಟ್ಟುವ ಹೊತ್ತಿಗೆ ಶಟರ್ ಬಿಡುತ್ತದೆ. ಬರ್ಸ್ಟಿನ ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಬಟನ್ ಒತ್ತಿದ್ದಕ್ಕೂ ಶಟರ್ ಬಿದ್ದದ್ದಕ್ಕೂ ಕೂದಲೆಳೆಯ ಅಂತರ ಬರುತ್ತದೆ. ನನಗೆ ಅದು ಲೆಕ್ಕಕ್ಕಿಲ್ಲ. ಬೋನಸ್ಸೆಂದರೆ, ಎಲ್ಲ ಫ್ರೇಮುಗಳೂ ತುದಿಯ ಬೆಳಕಿನಲ್ಲೇ ಬರುವುದರಿಂದ ಐಎಸ್‌ಒ ಒಂದೆರಡು ಕ್ಲಿಕ್ ಇಳಿಸಬಹುದು. ಆದ್ದರಿಂದ ಅಂಗೈ ಲೆಕ್ಕ ಮುಗಿದ ಮೇಲೆ, ಆಂಟಿ ಫ್ಲಿಕರ್ ಹಾಕಿಯೇ ಒಂದು ಪರೀಕ್ಷಾ ಚಿತ್ರ ತೆಗೆದು ಅಂತಿಮಗೊಳಿಸಿ.

ಮಿರರ್‌ಲೆಸ್ ಕ್ಯಾಮೆರಾ ಕೊಂಡವರಿಗೆ, ಪರದೆಯಿಲ್ಲದೆ ಸೆನ್ಸರನ್ನೇ ಓದಿ ಚಿತ್ರ ಮಾಡುವ ಎಲೆಕ್ಟ್ರಾನಿಕ್ ಶಟರಿನ ಮೋಹ ಹೆಚ್ಚು. ಸದ್ದಿಲ್ಲ, ಸೆಕೆಂಡಿಗೆ ಮೂವತ್ತು ಫ್ರೇಮ್. ಆದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಸೆನ್ಸರನ್ನು ಸಾಲುಸಾಲಾಗಿ ಓದುವುದು ಪರದೆಯ ಓಟಕ್ಕಿಂತ ನಿಧಾನ. ಎಲ್‌ಇಡಿ ದೀಪದಡಿ ಚಿತ್ರದ ತುಂಬ ಅಡ್ಡಪಟ್ಟೆ ಮೂಡುತ್ತದೆ. ಬೇಗ ಓದುವ ದುಬಾರಿ ಸ್ಟ್ಯಾಕ್ಡ್ ಸೆನ್ಸರ್ ಇಲ್ಲದಿದ್ದರೆ ಒಳಾಂಗಣದಲ್ಲಿ ಮೆಕ್ಯಾನಿಕಲ್ ಶಟರನ್ನೇ ಬಳಸಿ, ಸದ್ದಾದರೆ ಆಗಲಿ.

ಇನ್ನು ಕೆಂಪು ಜೆರ್ಸಿ. ಬೆಂಗಳೂರು ಬುಲ್ಸ್ ತಂಡವನ್ನು ತೆಗೆಯುವ ನಮಗಂತೂ ಇದನ್ನು ಮರೆಯುವಂತಿಲ್ಲ. ಬಿಳಿ ಗೆರೆಯ ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದ ಕತ್ತಲು ಬೆಳಕು ತೋರಿಸುವ ಗ್ರಾಫ್) ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ, ಕೆಂಪಿನ ಚಾನೆಲ್ ಮಾತ್ರ ಬಲಗೋಡೆಗೆ ಬಡಿದು ಸುಟ್ಟಿರುತ್ತದೆ. ಜೆರ್ಸಿಯ ಮಡಿಕೆ, ಹೊಲಿಗೆ, ಬೆವರಿನ ಕಲೆ ಎಲ್ಲ ಅಳಿಸಿ ಕೆಂಪು ಪ್ಲಾಸ್ಟಿಕ್ ಹೊದ್ದಂತೆ ಕಾಣುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ತೆರೆದು ಕೆಂಪನ್ನೊಂದೇ ನೋಡಿ, ಬೇಕಾದರೆ ಮೂರನೇ ಒಂದು ಸ್ಟಾಪ್ ಇಳಿಸುತ್ತೇನೆ. ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್ ತಪ್ಪಿದ್ದರೆ ಈ ಹಿಸ್ಟೋಗ್ರಾಮೂ ದಾರಿ ತಪ್ಪಿಸುತ್ತದೆ. ಆದ್ದರಿಂದ ಅದನ್ನು ಮೊದಲೇ ಅಂಕಣದ ನಡುವೆ ಒಂದು ಬಿಳಿ ಹಾಳೆ ಹಿಡಿದು ಕಸ್ಟಮ್ ಮಾಡಿಡುತ್ತೇನೆ. ಆಟೊ ಬೇಡ.

ಮ್ಯಾನುವಲ್ಲನ್ನು ಬಿಡುವ ಜಾಗ ಒಂದಿದೆ. ಸರ್ಜಾಪುರ ರಸ್ತೆ, ಯಲಹಂಕ, ಕನಕಪುರ ರಸ್ತೆಯ ಕಡೆ ಎದ್ದಿರುವ ತಗಡಿನ ಶೆಡ್ಡಿನ ಬ್ಯಾಡ್ಮಿಂಟನ್ ಕೋರ್ಟುಗಳು. ದೀಪಗಳನ್ನು ಕೋರ್ಟಿನ ನೆತ್ತಿಗೆ ಹಾಕದೆ ಎರಡು ಬದಿಗೆ ಹಾಕಿರುತ್ತಾರೆ, ತಲೆ ಎತ್ತಿದವರ ಕಣ್ಣು ಕುಕ್ಕಬಾರದು ಅಂತ. ಅಷ್ಟು ಸಾಲದು ಎಂದು ಮಾಡಿನಲ್ಲಿ ಅಲ್ಲಲ್ಲಿ ಬೆಳಕು ಬಿಡುವ ಫೈಬರ್ ಶೀಟು. ಜುಲೈ ತಿಂಗಳ ಬೆಂಗಳೂರಿನ ಮೋಡ ನಿಮಗೆ ಗೊತ್ತು. ಐದು ನಿಮಿಷ ಬಿಸಿಲು, ಐದು ನಿಮಿಷ ಕಪ್ಪು. ಇಲ್ಲಿ ದೀಪವೇ ಓಡಾಡುತ್ತಿದೆ. ಶಟರ್, ಅಪರ್ಚರ್ ಕಟ್ಟಿಟ್ಟು ಐಎಸ್‌ಒ ಒಂದನ್ನು ಆಟೊಗೆ ಬಿಡುತ್ತೇನೆ, ಮೇಲ್ಮಿತಿ 12800. ಹಿಂಬದಿ ಕಡುಹಸಿರು ಪರದೆಯಾದ್ದರಿಂದ ಮೀಟರ್ ಹೆಚ್ಚು ಬೆಳಕು ಕೇಳುತ್ತದೆ, ಅದಕ್ಕೆ ಮೀಟರಿನ ಲೆಕ್ಕವನ್ನು ತಿದ್ದುವ ಕಾಂಪೆನ್ಸೇಶನ್ ಮೈನಸ್ 0.7 ಸ್ಟಾಪ್. ಆಟಗಾರ್ತಿ ಬಿಳಿ ಟೀ ಶರ್ಟ್ ಹಾಕಿ ಫ್ರೇಮ್ ತುಂಬ ಬಂದರೆ ಸೊನ್ನೆಗೆ ವಾಪಸ್. ಫ್ಲ್ಯಾಶಿನ ಮಾತೇ ಇಲ್ಲ. "ಸಾರ್, ಫ್ಲ್ಯಾಶ್ ಒಂದ್ ಹಾಕ್ಬೇಡಿ, ಮಕ್ಕಳಿಗೆ ಶಟಲ್ ಕಾಣಲ್ಲ" ಅಂತ ಕೋಚ್ ಮೇಡಂ ಹೇಳುವ ಮೊದಲೇ ಅದು ಬ್ಯಾಗಿನಲ್ಲಿರಬೇಕು.

ನಾಯ್ಸಿಗೆ, ಅಂದರೆ ಚಿತ್ರದಲ್ಲಿ ಏಳುವ ಚುಕ್ಕಿಗಳಿಗೆ, ಹೆದರಿ ಐಎಸ್‌ಒ ಕೆಳಗಿಟ್ಟು ಕತ್ತಲಲ್ಲಿ ತೆಗೆದು, ಮನೆಯಲ್ಲಿ ಎತ್ತಿಕೊಳ್ಳುತ್ತೇನೆ ಎನ್ನುವವರ ಜೊತೆ ನನಗೆ ಸದಾ ಜಗಳ. ಆಟದ ಚಿತ್ರ ಹತ್ತು ನಿಮಿಷದಲ್ಲಿ ಡೆಸ್ಕಿಗೆ ಹೋಗಬೇಕು, ಹೋಗುವುದು ಜೆಪೆಗ್. ಅದರಲ್ಲಿ ಕತ್ತಲೆಯನ್ನು ಎತ್ತಿದರೆ ಚುಕ್ಕಿಗಳ ಜೊತೆ ಬಣ್ಣದ ಕಲೆಗಳೂ ಎದ್ದು ಬರುತ್ತವೆ. ಸರಿಯಾದ ಬೆಳಕಿನಲ್ಲಿ ತೆಗೆದ 6400 ಎಷ್ಟೋ ವಾಸಿ.

ಕೊನೆಯದಾಗಿ, ಕರೆಂಟ್ ಹೋದರೆ. ಎಲ್‌ಇಡಿ ಇರುವ ಕಡೆ ಜನರೇಟರ್ ಬಂದ ತಕ್ಷಣ ಬೆಳಕು ಮೊದಲಿನಂತೆಯೇ ಹೊತ್ತಿಕೊಳ್ಳುತ್ತದೆ, ಏನೂ ಮುಟ್ಟಬೇಕಿಲ್ಲ. ಮೆಟಲ್ ಹ್ಯಾಲೈಡ್ ಹಾಗಲ್ಲ, ಬಿಸಿ ದೀಪ ಆರಿದರೆ ತಣ್ಣಗಾಗದೆ ಮತ್ತೆ ಹತ್ತುವುದಿಲ್ಲ. ಅದಕ್ಕೇ ಹತ್ತು ಹದಿನೈದು ನಿಮಿಷ ಬೇಕು, ಹತ್ತಿದ ಮೇಲೂ ಪೂರ್ತಿ ಬೆಳಕು, ನಿಜವಾದ ಬಣ್ಣ ಬರಲು ಇನ್ನಷ್ಟು ಹೊತ್ತು. ಅಂಪೈರ್ ಅಲ್ಲಿವರೆಗೆ ಕಾಯುವುದಿಲ್ಲ, ಆಟ ಶುರು ಮಾಡಿಸಿಬಿಡುತ್ತಾರೆ. ಆ ಹೊತ್ತಿನಲ್ಲಿ ಐಎಸ್‌ಒ ಒಂದು ಸ್ಟಾಪ್ ಏರಿಸಿ, ಜೆಪೆಗ್ ಜೊತೆಗೆ, ಆಮೇಲೆ ತಿದ್ದಲು ಹೆಚ್ಚು ಅವಕಾಶವಿರುವ ರಾ ಫೈಲನ್ನೂ ಆನ್ ಮಾಡಿಕೊಳ್ಳುತ್ತೇನೆ. ಪ್ರತಿ ಟೈಮ್ ಔಟಿನಲ್ಲೂ ಒಂದು ಪರೀಕ್ಷಾ ಚಿತ್ರ ತೆಗೆದು, ದೀಪ ಏರಿದಷ್ಟೂ ಒಂದೊಂದೇ ಕ್ಲಿಕ್ ಇಳಿಸುತ್ತಾ ಬರುತ್ತೇನೆ.