ಒಂದೇ ಕೈಯಲ್ಲಿ ತಿರುಗಬೇಕು: ಹಳೆಯ ಕಾರಿನ ಬಾಡಿಯನ್ನು ರೋಟಿಸರಿಗೆ ಏರಿಸುವುದು ಹೇಗೆ?

ಹಳೆಯ ಕಾರಿನ ಕೆಳಗೆ ಅಂಗಾತ ಮಲಗಿ ವೆಲ್ಡಿಂಗ್ ಮಾಡಿದವರಿಗೆ ಆ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಕಿಡಿ ನೇರವಾಗಿ ಕಾಲರಿನೊಳಗೆ ಬೀಳುತ್ತದೆ. ತುಕ್ಕಿನ ಪುಡಿ ಕಣ್ಣು ಹುಡುಕಿಕೊಂಡು ಬರುತ್ತದೆ. ಕರಗಿದ ಲೋಹ ಬೆಸುಗೆಯ ಜಾಗದಲ್ಲಿ ನಿಲ್ಲದೆ ಕೆಳಗೆ ತೊಟ್ಟಿಕ್ಕುತ್ತದೆ. ಅದರ ಬದಲು ಕಾರನ್ನೇ ಮಗುಚಿಬಿಟ್ಟರೆ? ತಳದ ತಗಡು ಎದೆಮಟ್ಟಕ್ಕೆ ಬರುತ್ತದೆ, ನಿಂತುಕೊಂಡೇ ಕೆಲಸ ಮುಗಿಸಬಹುದು. ರೋಟಿಸರಿ ಇರುವುದು ಇದಕ್ಕೇ.

ಸರಳಿಗೆ ಸಿಕ್ಕಿಸಿ ಬೆಂಕಿಯ ಮೇಲೆ ತಿರುಗಿಸುತ್ತಾ ಬೇಯಿಸುವ ಸಾಧನದ ಹೆಸರು ಅದು. ಕಾರಿನದೂ ಅದೇ ಉಪಾಯ. ಮುಂದೊಂದು, ಹಿಂದೊಂದು ಕಬ್ಬಿಣದ ಸ್ಟ್ಯಾಂಡ್. ಎರಡರ ತಲೆಯಲ್ಲೂ ತಿರುಗುವ ಶಾಫ್ಟ್. ಶಾಫ್ಟಿಗೆ ಒಂದು ಅಡ್ಡಪಟ್ಟಿ, ಅದಕ್ಕೆ ಮೇಲೆ ಕೆಳಗೆ, ಆಚೆ ಈಚೆ ಸರಿಸಬಹುದಾದ ಎರಡು ತೋಳು. ತೋಳಿನ ತುದಿಗೆ ಬಾಡಿಯನ್ನು ಬೋಲ್ಟ್ ಮಾಡಿದರೆ ಆಯಿತು.

ಆಯಿತು ಅನ್ನುವುದು ಸುಲಭ. ತೂಕ ನೋಡದೆ ತಿರುಗಿಸಿದರೆ ನೂರಾರು ಕಿಲೋ ತಗಡು ಒಂದೇ ಏಟಿಗೆ ಮಗುಚಿಕೊಂಡು, ಹಿಡಿದವರನ್ನೂ ಎಳೆದುಕೊಂಡು ಹೋಗುತ್ತದೆ. ಸರಿಯಾಗಿ ಕೂರಿಸಿದ ಬಾಡಿಯಾದರೆ ಒಬ್ಬರೇ, ಒಂದೇ ಕೈಯಲ್ಲಿ ತಿರುಗಿಸಬಹುದು. ಅಲ್ಲಿಗೆ ಮುಟ್ಟುವುದು ಹೇಗೆ ಎಂದು ನೋಡೋಣ.

ಯಾವ ಬಗೆಯ ಕಾರು?

ಎಂಜಿಬಿ, ಮೊದಲ ತಲೆಮಾರಿನ ಫೋರ್ಡ್ ಮಸ್ಟಾಂಗ್‌ನಂಥ ಕಾರುಗಳಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಅವುಗಳ ಎಲುಬು. ರೋಟಿಸರಿಗೆ ಇವು ಸಲೀಸಾಗಿ ಒಗ್ಗುತ್ತವೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಬಾಡಿಯನ್ನು ತಳದ ಪ್ಯಾನಿಗೆ ಬೋಲ್ಟ್ ಮಾಡಿರುತ್ತಾರೆ. ಪ್ಯಾನ್ ಬಿಚ್ಚಿದರೆ ಉಳಿಯುವುದು ತಳವಿಲ್ಲದ ಡಬ್ಬ. ಎತ್ತಿದರೆ ಸೊಟ್ಟಗಾಗುತ್ತದೆ. ಇಂಥ ಕಾರುಗಳಿಗೂ, ಚಾಸಿ ಬೇರೆಯಾಗಿರುವ ಎಲ್ಲ ಕಾರುಗಳಿಗೂ ಒಳಗಡೆ ಪೈಪಿನ ಗಟ್ಟಿ ಚೌಕಟ್ಟು ಕಟ್ಟದೆ ಬಾಡಿಯನ್ನು ತೂಗುಹಾಕಬಾರದು.

ಬಿಚ್ಚುವ ಕೆಲಸ

ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್, ಗಾಜು, ಸೀಟು, ವೈರಿಂಗ್, ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಎಲ್ಲವೂ ಹೊರಗೆ ಬರಬೇಕು. ಪೆಟ್ರೋಲ್ ಟ್ಯಾಂಕ್ ತೆಗೆದರೆ ಸಾಲದು, ಅದರ ಪೈಪನ್ನೂ ತೆಗೆಯಿರಿ. ಮುಂದೆ ಅಲ್ಲೇ ಕಿಡಿ ಹಾರಲಿದೆ. ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಮೇಲೆ ಹೆಸರು ಬರೆದ ಚೀಲ. ಇದನ್ನು ಎಲ್ಲರೂ ಹೇಳುತ್ತಾರೆ, ಮೂರನೇ ದಿನಕ್ಕೆ ಎಲ್ಲರೂ ಬಿಡುತ್ತಾರೆ. ನೀವು ಬಿಡಬೇಡಿ.

ಕತ್ತರಿಸುವ ಮೊದಲು ಕಟ್ಟಿ

ನನ್ನ ಪ್ರಕಾರ ಜಾಸ್ತಿ ಕಾರುಗಳು ಕೆಡುವುದು ಈ ಹಂತದಲ್ಲಿ. ರೋಟಿಸರಿಯಲ್ಲಿ ಬಾಡಿ ಎರಡು ತುದಿಗಳಿಂದ ತೂಗುತ್ತದೆ, ನಡುವೆ ಆಸರೆ ಇರುವುದಿಲ್ಲ. ನಡುವನ್ನು ಹಿಡಿದಿಡುವುದು ಮುಖ್ಯವಾಗಿ ಬಾಗಿಲ ಕೆಳಗೆ ಉದ್ದಕ್ಕೆ ಓಡುವ, ಡಬ್ಬಿಯಂಥ ಸಿಲ್‌ಗಳು. ಹಳೆಯ ಕಾರಿನಲ್ಲಿ ತುಕ್ಕು ಮೊದಲು ತಿನ್ನುವುದೂ ಅವನ್ನೇ. ಕೊಳೆತ ಸಿಲ್ ಇರುವ ಬಾಡಿಯನ್ನು ಹಾಗೇ ಏರಿಸಿದರೆ ನಡು ಜೋತುಬೀಳುತ್ತದೆ. ಆಮೇಲೆ ಹೊಸ ತಗಡು ಹಾಕಿದರೂ ಜೋತ ಆಕಾರವೇ ಕಾಯಂ. ಕೊನೆಗೆ ಬಾಗಿಲು ಹಾಕಲು ಹೋದಾಗ ಮುಚ್ಚುವುದಿಲ್ಲ.

ಹಾಗಾಗಿ ಬಾಗಿಲು ಇನ್ನೂ ಕಾರಿನಲ್ಲಿರುವಾಗಲೇ ಸುತ್ತಲಿನ ಸಂದಿಯನ್ನು ನಾಲ್ಕಾರು ಕಡೆ ಅಳೆದು ಬರೆದಿಡಿ. ಬಾಗಿಲು ತೆಗೆದ ಮೇಲೆ ಆ ಜಾಗವನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಆಮೇಲೆ ಚೌಕ ಪೈಪು ತೆಗೆದುಕೊಂಡು ಕೀಲಿನ ಕಂಬದಿಂದ ಬೀಗದ ಕಂಬಕ್ಕೆ ವೆಲ್ಡ್ ಮಾಡಿ. ಎಡ ಬಲ ಬಾಗಿಲುಗಳ ನಡುವೆಯೂ ಅಡ್ಡ ಪೈಪು ಬೇಕು. ತೆರೆದ ಕಾರಾದರೆ ಮೇಲಿಂದ ಹಿಡಿಯಲು ಚಾವಣಿಯೇ ಇಲ್ಲ, ಪೈಪಿನಲ್ಲಿ ಜಿಪುಣತನ ಬೇಡ. ಸಿಲ್ ತೀರಾ ಕೊಳೆತಿದ್ದರೆ ಬಾಡಿ ನೆಲದ ಮೇಲೆ ಮಟ್ಟವಾಗಿ ಕೂತಿರುವಾಗಲೇ ಅದನ್ನು ರಿಪೇರಿ ಮಾಡಿ, ರೋಟಿಸರಿಯ ಮಾತು ಆಮೇಲೆ. ಇನ್ನೊಂದು, ಹೊಸ ತಗಡು ಬರುವ ಜಾಗಕ್ಕೇ ಪೈಪು ಬೆಸೆಯಬೇಡಿ. ನಾನು ಹಾಗೆ ಮಾಡಿ, ಬೆಸೆದದ್ದನ್ನೆಲ್ಲ ಕತ್ತರಿಸಿ ಮತ್ತೆ ಬೇರೆ ಕಡೆ ಬೆಸೆದಿದ್ದೇನೆ.

ಎಲ್ಲಿ ಹಿಡಿಯಬೇಕು?

ಹೆಚ್ಚಿನ ಕಾರುಗಳಲ್ಲಿ ಬಂಪರಿನ ಬ್ರಾಕೆಟ್ ಕೂರುವ ಜಾಗವೇ ಸರಿ. ಉದ್ದಕ್ಕೆ ಓಡುವ ಗಟ್ಟಿ ಭಾಗಗಳ ತುದಿ ಅಲ್ಲೇ ಇರುತ್ತದೆ. ಅಲ್ಲಿ ತುಕ್ಕಿದ್ದರೆ ಮೊದಲು ಸರಿಪಡಿಸಿ. ರೇಡಿಯೇಟರ್ ಮುಂದಿನ ತೆಳು ತಗಡಿಗೆ ಮಾತ್ರ ಯಾವತ್ತೂ ತೋಳು ಸಿಕ್ಕಿಸಬೇಡಿ. ಬೋಲ್ಟಿನ ತಲೆಯ ಮೇಲೆ 8.8 ಎಂದು ಅಚ್ಚಾಗಿರಲಿ, ಅದು ಬೋಲ್ಟಿನ ಬಲದ ದರ್ಜೆ. ಅಗಲವಾದ ವಾಷರ್ ಇರಲಿ. ಎಷ್ಟು ತೂತಿದೆಯೋ ಅಷ್ಟಕ್ಕೂ ಬೋಲ್ಟ್ ಹಾಕಿ.

ಎತ್ತರದ ಲೆಕ್ಕ ಹೀಗೆ. ಬಾಡಿಯ ಅಗಲ 1.6 ಮೀಟರ್ ಎಂದುಕೊಳ್ಳಿ, ಅರ್ಧ 0.8. ಶಾಫ್ಟಿನ ನೇರಕ್ಕಿಂತ 0.3 ಮೀಟರ್ ಕೆಳಗೆ ಸಿಲ್ ಇದ್ದರೆ, ಶಾಫ್ಟಿನಿಂದ ಆ ಮೂಲೆಗೆ ಸುಮಾರು 0.85 ಮೀಟರ್. ತಿರುಗುವಾಗ ಆ ಮೂಲೆ ನೆಲಕ್ಕೆ ತಾಗಬಾರದು ಅಲ್ವಾ? ಶಾಫ್ಟ್ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ ಸುಮಾರು ಅರ್ಧ ಅಡಿ ಜಾಗ ಸಿಗುತ್ತದೆ. ಚಾವಣಿಯ ಮೂಲೆಯನ್ನೂ ಹೀಗೇ ಅಳೆಯಿರಿ. ನಿಮ್ಮ ಶೆಡ್ಡಿನ ಉದ್ದವನ್ನೂ ಈಗಲೇ ನೋಡಿಕೊಳ್ಳಿ. ಸ್ಟ್ಯಾಂಡುಗಳು ಬಾಡಿಯ ಆಚೆಗೆ ನಿಲ್ಲುತ್ತವೆ, ಅದರಾಚೆ ನೀವು ಓಡಾಡಬೇಕು.

ಏರಿಸುವುದು

ಮೊದಲು ಖಾಲಿ ಸ್ಟ್ಯಾಂಡುಗಳನ್ನು ಎದುರುಬದುರು ನಿಲ್ಲಿಸಿ, ಒಂದು ಶಾಫ್ಟಿನ ನಡುವಿನಿಂದ ಇನ್ನೊಂದರ ನಡುವಿಗೆ ದಾರ ಎಳೆಯಿರಿ. ನೆಲದ ಮೇಲೆ ಅದರ ನೇರಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ನೆಲ ಮಟ್ಟವಿಲ್ಲದಿದ್ದರೆ ಎತ್ತರವನ್ನು ಟೇಪಿನಿಂದ ಅಳೆಯಬೇಡಿ, ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ಮಟ್ಟ ನೋಡಿ. ಎರಡೂ ಶಾಫ್ಟ್ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಪ್ರತಿ ಸುತ್ತಿಗೂ ಬಾಡಿ ಹಿಂಡಿದಂತಾಗುತ್ತದೆ.

ಈಗ ಜಾಕ್ ಅಥವಾ ಹಾಯ್ಸ್ಟ್‌ನಿಂದ ಮುಂದೆ ಸ್ವಲ್ಪ, ಹಿಂದೆ ಸ್ವಲ್ಪ ಎಂದು ಎತ್ತುತ್ತಾ ಹೋಗಿ. ಪ್ರತಿ ಸಲವೂ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಬಾಡಿ ಬೇಕಾದ ಎತ್ತರಕ್ಕೆ ಬಂದ ಮೇಲೆ ಒಂದು ತುದಿ ಬೋಲ್ಟ್ ಮಾಡಿ, ಆಮೇಲೆ ಇನ್ನೊಂದು. ಎರಡು ಸ್ಟ್ಯಾಂಡುಗಳನ್ನು ಜೋಡಿಸುವ ಉದ್ದನೆಯ ಪೈಪು ಬಂದಿದ್ದರೆ ಅದನ್ನೂ ಹಾಕಿ. ಅದಿಲ್ಲದೆ ಚಕ್ರದ ಸ್ಟ್ಯಾಂಡುಗಳು ಒಂದೊಂದು ದಿಕ್ಕಿಗೆ ಹೊರಡುತ್ತವೆ.

ತೂಕದ ನಡು ಹುಡುಕುವುದು

ಇದು ಅವಸರದ ಕೆಲಸವಲ್ಲ. ಶಾಫ್ಟಿನ ಗೆರೆ ಬಾಡಿಯ ತೂಕದ ನಡುವೆ ಹಾದುಹೋಗಬೇಕು. ಬರಿ ಬಾಡಿಯಲ್ಲಿ ಆ ನಡು ಸಾಮಾನ್ಯವಾಗಿ ಬಂಪರಿನ ಬೋಲ್ಟುಗಳಿಗಿಂತ ಮೇಲಿರುತ್ತದೆ. ಬೋಲ್ಟಿನ ನೇರಕ್ಕೇ ಶಾಫ್ಟ್ ಇಟ್ಟರೆ ತಲೆಭಾರ. ಬಾಡಿಯನ್ನು ಶಾಫ್ಟಿಗಿಂತ ಕೆಳಗೆ ತೂಗಬೇಕು, ತೋಳುಗಳು ಸರಿಯುವಂತೆ ಇರುವುದೇ ಇದಕ್ಕೆ.

ಎರಡೂ ಬದಿ ಒಬ್ಬೊಬ್ಬರು ನಿಲ್ಲಲಿ. ಜಾಕ್ ಸ್ಟ್ಯಾಂಡುಗಳನ್ನು ತುಸು ಇಳಿಸಿ ಕೆಳಗೇ ಬಿಟ್ಟಿರಿ. ಹತ್ತು ಡಿಗ್ರಿಗಿಂತ ಕಡಿಮೆ ವಾಲಿಸಿ ನೋಡಿ. ಇನ್ನೂ ವಾಲುತ್ತಲೇ ಹೋಗಲು ನೋಡಿದರೆ ತೂಕ ಶಾಫ್ಟಿಗಿಂತ ಮೇಲಿದೆ, ಬಾಡಿಯನ್ನು ಇಳಿಸಬೇಕು. ಜೋರಾಗಿ ನೆಟ್ಟಗಾಗಲು ಹಟ ಮಾಡಿದರೆ ತೂಕ ಕೆಳಗಿದೆ, ಬಾಡಿಯನ್ನು ಏರಿಸಬೇಕು. ಏರಿಸಿದರೂ ಇಳಿಸಿದರೂ ಮುಂದೆ ಹಿಂದೆ ಒಂದೇ ಅಳತೆ. ತೋಳು ಸಡಿಲಿಸುವ ಮೊದಲು ಬಾಡಿಯ ಭಾರವನ್ನು ಮತ್ತೆ ಜಾಕ್‌ಗಳಿಗೆ ಕೊಡುವುದನ್ನು ಮರೆಯಬೇಡಿ.

ಸುಮಾರಾಗಿ ಸರಿಹೋದ ಮೇಲೆ ಕೆಳಗಿನ ಸ್ಟ್ಯಾಂಡುಗಳನ್ನು ತೆಗೆದು, ಪೂರ್ತಿ 90 ಡಿಗ್ರಿ ತಿರುಗಿಸಿ. ನಿಜ ಗೊತ್ತಾಗುವುದು ಇಲ್ಲಿ. ಚಾವಣಿಯ ಕಡೆ ಕೆಳಗೆ ಎಳೆದರೆ ಬಾಡಿ ಇನ್ನೂ ಇಳಿಯಬೇಕು. ತಳದ ಕಡೆ ಎಳೆದರೆ ಏರಬೇಕು. ನೆಟ್ಟಗಿರುವಾಗ ಒಂದೇ ಬದಿಗೆ ವಾಲುತ್ತಿದ್ದರೆ ಅಡ್ಡಪಟ್ಟಿಯ ಮೇಲೆ ಪಕ್ಕಕ್ಕೆ ಸರಿಸಿ. ಬಿಟ್ಟಲ್ಲೇ ನಿಂತರೆ ಗೆದ್ದಿರಿ. ಒಂದೆರಡು ಇಂಚಿನ ವ್ಯತ್ಯಾಸಕ್ಕೂ ಬಾಡಿಯ ಸ್ವಭಾವವೇ ಬದಲಾಗುತ್ತದೆ. ಸಂಜೆಯೆಲ್ಲ ಇದಕ್ಕೇ ಹೋದರೂ ಬೇಸರ ಬೇಡ.

ಏರಿಸಿದ ಮೇಲೆ

ಬೇಕಾದ ಕೋನಕ್ಕೆ ತಿರುಗಿಸಿ ತೂತಿನಲ್ಲಿ ಪಿನ್ ಹಾಕಿ. ಬರೀ ಬಿಗಿ ಬೋಲ್ಟನ್ನೋ ಹೈಡ್ರಾಲಿಕ್ ಜಾಕನ್ನೋ ನಂಬಿ ಕೆಳಗೆ ನುಗ್ಗಬೇಡಿ. ತಳದ ತಗಡು ಕತ್ತರಿಸಿದರೆ ತೂಕದ ನಡು ಜರುಗುತ್ತದೆ, ಹೊಸದು ಹಾಕಿದರೆ ಮತ್ತೆ ಜರುಗುತ್ತದೆ. ಅಂಥ ಕೆಲಸದ ಬಳಿಕ ಪಿನ್ ತೆಗೆಯುವಾಗ ಬಾಡಿಯನ್ನು ಇಬ್ಬರು ಹಿಡಿದಿರಲಿ. ಮರಳು ಹೊಡೆಸಿ ತುಕ್ಕು ತೆಗೆಸಿದ್ದರೆ ನಿಧಾನವಾಗಿ ಸುತ್ತು ಹಾಕಿಸುತ್ತಾ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಎಲ್ಲೆಲ್ಲಿಂದಲೋ ಮರಳು ಸುರಿಯುತ್ತದೆ. ನಿಂತಿತು ಅಂದುಕೊಂಡ ಮೇಲೂ ಸುರಿಯುತ್ತದೆ.

ಬಾಗಿಲು, ಬಾನೆಟ್‌ಗಳ ಸಂದಿಯನ್ನು ಮಾತ್ರ ರೋಟಿಸರಿಯ ಮೇಲೆ ಹೊಂದಿಸಬೇಡಿ. ತುದಿಗಳಿಂದ ತೂಗುವ ಬಾಡಿಯೂ ಚಕ್ರದ ಮೇಲೆ ನಿಂತ ಬಾಡಿಯೂ ಒಂದೇ ಅಲ್ಲ. ಇಳಿಸಿ, ಸಸ್ಪೆನ್ಷನ್ ಕೂರುವ ಜಾಗಗಳಿಗೆ ಆಸರೆ ಕೊಟ್ಟು, ಹಿಂದೆ ಬರೆದಿಟ್ಟ ಅಳತೆಯ ಜೊತೆ ಹೋಲಿಸಿ. ಇಳಿಸುವ ಮೊದಲು ತೋಳುಗಳ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿಕೊಂಡರೆ ಮತ್ತೆ ಏರಿಸುವಾಗ ನಡು ಹುಡುಕುವ ಪಾಡಿಲ್ಲ.

ಬಣ್ಣ ಮುಗಿದ ಮೇಲೆ ಸಿಲ್‌ಗಳ ಒಳಗೆ ತುಕ್ಕು ತಡೆಯುವ ಮೇಣ ಹೊಡೆಯುವಾಗಲೂ ಬಾಡಿ ರೋಟಿಸರಿಯಲ್ಲೇ ಇರಲಿ. ಹೊಡೆದ ತಕ್ಷಣ ಒಂದು ಬದಿಗೆ, ತಲೆಕೆಳಗೆ, ಇನ್ನೊಂದು ಬದಿಗೆ ಎಂದು ತಿರುಗಿಸಿ ಸ್ವಲ್ಪ ಹೊತ್ತು ಬಿಡಿ. ಸ್ಪ್ರೇಯ ನಳಿಕೆ ಮುಟ್ಟದ ಸಂದಿಗೂ ಮೇಣ ತಾನೇ ಹರಿದು ಹೋಗುತ್ತದೆ. ನೆಲಕ್ಕೆ ಮೊದಲೇ ರಟ್ಟು ಹಾಸಿಡಿ. ಮಾರನೇ ದಿನವೂ ತೊಟ್ಟಿಕ್ಕುತ್ತಿರುತ್ತದೆ.