ಕುದಿಸಿದರೆ ಪಿಎಫ್‌ಎಎಸ್ ಹೋಗುವುದಿಲ್ಲ

ನೀರು ಕುದಿಸಿದರೆ ರೋಗಾಣು ಸಾಯುತ್ತವೆ ನಿಜ, ಪಿಎಫ್‌ಎಎಸ್ (ಸುಲಭವಾಗಿ ಕೊಳೆಯದ, ಮನುಷ್ಯ ತಯಾರಿಸಿದ ಫ್ಲೋರಿನ್ ರಾಸಾಯನಿಕಗಳ ಗುಂಪು) ಮಾತ್ರ ಪಾತ್ರೆಯಲ್ಲೇ ಉಳಿಯುತ್ತದೆ. ಆವಿಯಾಗುವುದು ನೀರಷ್ಟೇ, ಹಾಗಾಗಿ ಅದರ ಸಾಂದ್ರತೆ ತುಸು ಹೆಚ್ಚುತ್ತದೆ. ಯುವಿ ದೀಪವೂ ಇದಕ್ಕೆ ಉಪಯೋಗವಿಲ್ಲ. ಬೇಕಿರುವುದು ಆರ್‌ಒ ಅಥವಾ ಸಕ್ರಿಯ ಇದ್ದಿಲಿನ ಫಿಲ್ಟರ್. ಕೊಳ್ಳುವಾಗ ಇದ್ದಿಲಿನದಕ್ಕೆ ಎನ್‌ಎಸ್‌ಎಫ್ (ಫಿಲ್ಟರ್‌ಗಳಿಗೆ ಕೊಡುವ ಗುಣಮಟ್ಟದ ಪ್ರಮಾಣಪತ್ರ) 53, ಆರ್‌ಒಗೆ 58 ಇದೆಯೇ, ಜೊತೆಗೆ ಪಿಎಫ್‌ಎಎಸ್ ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿ. ಬರೀ 42 ಇದ್ದರೆ ಅದು ರುಚಿ, ಕ್ಲೋರಿನ್ ವಾಸನೆಗಷ್ಟೇ.

ಹೆಚ್ಚಿನವರು ಎಡವುವುದು ಕಾರ್ಟ್ರಿಡ್ಜ್ ವಿಷಯದಲ್ಲಿ. ನೀರಿನ ರುಚಿ ಕೆಟ್ಟಿಲ್ಲವಲ್ಲ ಅಂತ ಹಳೆಯದನ್ನೇ ಎಳೆಯುತ್ತಾರೆ. ಇದ್ದಿಲು ತುಂಬುತ್ತಾ ಬಂದಂತೆ ಪಿಎಫ್‌ಬಿಎಯಂಥ ಚಿಕ್ಕ ಇಂಗಾಲ ಸರಪಳಿಯ ಪಿಎಫ್‌ಎಎಸ್‌ಗಳು ಮೊದಲು ನುಸುಳುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತೇ ಆಗುವುದಿಲ್ಲ. ಹಾಕಿದ ದಿನವೇ ಮಾರ್ಕರ್‌ನಲ್ಲಿ ಅದರ ಮೇಲೆ ತಾರೀಖು ಬರೆಯಿರಿ. ಕಂಪನಿ ಹೇಳಿದ ಲೀಟರ್ ಅಥವಾ ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಆಗ ಬದಲಿಸಿ.